ನಲ್ಲಿಕಟ್ಟೆಯ ಸೋಪು, ಕೆಳಗಿನ ಬ್ಯಾಕ್ಟೀರಿಯಾ

ಗ್ಯಾರೇಜಿನ ಹಿಂದಿನ ನಲ್ಲಿಕಟ್ಟೆಯ ಮೇಲೆ ಒಂದು ಸೋಪು ಇತ್ತು. ಮೆಕ್ಯಾನಿಕ್ ದಾದಾಪೀರ್ ಕೈ ತೊಳೆದುಕೊಂಡು ಹೋದ ಮೇಲೆ ಅದು ಕೆಳಗಿನ ಕಪ್ಪು ಮಣ್ಣನ್ನು ನೋಡಿ ಮೂಗು ಮುರಿಯಿತು.

"ಎಂಥ ಹೊಲಸು. ನಾನು ನೋಡು, ಅವನ ಕೈಯ ಗ್ರೀಸನ್ನೆಲ್ಲ ಇಲ್ಲದಂತೆ ಮಾಡಿದೆ."

ಮಣ್ಣಿನಲ್ಲಿದ್ದ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸದೆ ಹೇಳಿತು, "ಇಲ್ಲದಂತೆ ಮಾಡಲಿಲ್ಲ. ನನ್ನ ಮೇಲೆ ಸುರಿದಿರಿ."

ಅದರ ಸುತ್ತ ತೆಳುವಾದ ನೊರೆ ಕಂಡು ಸೋಪಿಗೆ ಸಿಟ್ಟು ಬಂತು. "ಕ್ರಿಮಿಗಳನ್ನು ಕೊಲ್ಲುತ್ತೇನೆಂದು ನನ್ನ ಕವರಿನ ಮೇಲೇ ಬರೆದಿತ್ತು. ಅಂಥ ಕ್ರಿಮಿಗೆ ನಮ್ಮ ಮನೆತನದ ನೊರೆ ಎಲ್ಲಿಂದ ಬಂತು?"

"ನಾನೇ ಮಾಡಿಕೊಂಡದ್ದು. ಜಿಡ್ಡನ್ನು ಹಾಗೇ ತಿನ್ನಲಾಗುವುದಿಲ್ಲ. ಈ ನೊರೆ ಹಚ್ಚಿ ಸಣ್ಣ ಸಣ್ಣ ಹನಿ ಮಾಡಿಕೊಳ್ಳಬೇಕು. ಈಗೀಗ ಸೋಪಿನ ಕಾರ್ಖಾನೆಯವರೂ ಈ ನೊರೆಗಾಗಿ ನಮ್ಮವರನ್ನು ತೊಟ್ಟಿಗಳಲ್ಲಿ ಸಾಕುತ್ತಿದ್ದಾರೆ."

"ಕೊಳೆಯನ್ನು ತಿನ್ನುತ್ತೀಯಾ? ಅದನ್ನು ದೂರ ತಳ್ಳಬೇಕು. ಶುಚಿ ಅನ್ನುವುದು ಅದನ್ನೇ."

ಬ್ಯಾಕ್ಟೀರಿಯಾ ಮುಂದಿನ ಹನಿಗೆ ನೊರೆ ಹಚ್ಚಿತು. ಆ ದಿನದ ಗ್ರೀಸು ಇನ್ನೂ ಮುಗಿದಿರಲಿಲ್ಲ.

ದಿನ ಕಳೆದಂತೆ ಸೋಪು ಸವೆದು ಚೂರಾಯಿತು. ದಾದಾಪೀರ್ ಕಟ್ಟೆಯ ಮೇಲೆ ಹೊಸ ಸೋಪು ಇಟ್ಟು, ಗ್ರೀಸು ಮೆತ್ತಿದ ಹಳೆಯ ಚೂರನ್ನು ಮಣ್ಣಿಗೆ ಎಸೆದ. ಬಿದ್ದ ಚೂರು ಅಳುಕುತ್ತ ಕೇಳಿತು.

"ಈಗ ನಾನೂ ಕೊಳೆಯೇ. ನನ್ನನ್ನು ಎಲ್ಲಿಗೆ ತಳ್ಳುತ್ತೀಯ?"

"ತಳ್ಳುವುದಕ್ಕೆ ನನ್ನ ಕೆಳಗೆ ಯಾರೂ ಇಲ್ಲ," ಎಂದು ಹೇಳಿ ಬ್ಯಾಕ್ಟೀರಿಯಾ ಆ ಚೂರಿನ ಅಂಚಿಗೆ ಮೆಲ್ಲಗೆ ನೊರೆ ಹಚ್ಚತೊಡಗಿತು.