ಊರು ತಣ್ಣಗಿರಲಿ ಅಂದ ಹೊಂಬಾಳಮ್ಮ

ಒಂದಾನೊಂದು ಕಾಲ, ಸೂರಪ್ಪ, ಅದೇ ಆಕಾಶದ ಸೂರ್ಯ, ಇನ್ನೂ ತನಗೆ ಬೇಕಾದ ಕಡೆ ನಿಂತು ಬೇಕಾದಷ್ಟು ಹೊತ್ತು ಉರೀತಿದ್ದ ಕಾಲ. ಆಗ ಹೊಂಬಾಳಮ್ಮ ಅಂತ ಒಬ್ಬಳು ಮುದುಕಿ ಇದ್ದಳಂತೆ. ಅವಳ ಮನೆ ಹೆಪ್ಪಿನಿಂದಲೇ ಇಡೀ ಊರಿನ ಹಾಲು ಮೊಸರಾಗೋದು. ಅವಳ ಅವ್ವ ಕೊಟ್ಟ ಹೆಪ್ಪು, ಆ ಅವ್ವನಿಗೆ ಅವಳ ಅವ್ವ ಕೊಟ್ಟಿದ್ದು. ಒಂದು ಸಲ ಕೆಟ್ಟರೆ ಮತ್ತೆಲ್ಲೂ ಸಿಗಲ್ಲ ಅಂತ ಮುದುಕಿ ಜೀವವೆಲ್ಲ ಅದರ ಮೇಲೇ ಇತ್ತಂತೆ.

ಒಂದಿನ ಸೂರಪ್ಪ ತನ್ನ ಬೆಂಕಿಯನ್ನೆಲ್ಲ ಗುಡ್ಡದ ಮೇಲೆ ಇಳಿಸಿಟ್ಟು, ದಾರಿಹೋಕನ ಹಾಗೆ ಬಂದು ಜಗಲಿ ಹತ್ತಿರ ನಿಂತನಂತೆ, ಮುದುಕಿ ಯಾರು ಎತ್ತ ಅಂತಾನೂ ಕೇಳದೆ ಕೂತ್ಕೋ ಅಂದು ಮಜ್ಜಿಗೆ ಕೊಟ್ಟಳಂತೆ, ಆಮೇಲೆ ಅವನು ಗಟಗಟ ಕುಡಿದು, ಅವ್ವಾ ನಾನು ಸೂರಪ್ಪ, ಏನು ಬೇಕೋ ಕೇಳು ಅಂದನಂತೆ. ಅವಳು ಎಲ್ಲರೂ ಆಡೋ ಮಾತೇ ಆಡಿದಳು, ನನಗೇನಪ್ಪಾ, ಊರು ತಣ್ಣಗಿರಲಿ, ಅಷ್ಟು ಸಾಕು ಅಂತ.

ಆಕಾಶದಲ್ಲಿರೋನಿಗೆ ನಮ್ಮ ಮಾತಿನ ಒಳಗು ಎಲ್ಲಿ ಗೊತ್ತಾಗಬೇಕು? ತಣ್ಣಗಿರಲಿ ಅಂದಳಲ್ಲ ಅಂತ ದೂರ ದೂರ ಹೋಗಿಬಿಟ್ಟನಂತೆ. ಆಮೇಲೆ ಕೆರೆ ಕಲ್ಲಾಯ್ತು, ಬಿತ್ತಿದ ರಾಗಿ ಮಣ್ಣಲ್ಲೇ ಮಲಗ್ತು, ಜೇನು ಗೂಡು ಬಿಟ್ಟು ಹೊರಗೆ ಬರಲಿಲ್ಲ, ಕೋಳಿ ಎಷ್ಟು ಕಾವು ಕೂತರೂ ಮರಿ ಆಗಲಿಲ್ಲ, ಹೆಪ್ಪು ಹಾಕಿದ ಹಾಲು ಹಾಲಾಗೇ ಉಳೀತಂತೆ. ಮುದುಕಿ ಹೆಪ್ಪಿನ ಕುಡಿಕೇನ ಹೊಟ್ಟೆಗೆ ಅವಚಿಕೊಂಡು ಗುಡ್ಡ ಹತ್ತಿ, ಅಯ್ಯೋ ಸೂರಪ್ಪಾ, ಇದೇನು ಮಾಡಿದೆ, ಜನ ಬೆಚ್ಚಗಿರೋದು ಬೇಡ್ವಾ ಅಂತ ಕೂಗಿದಳಂತೆ.

ಓಹೋ, ಬೆಚ್ಚಗಾ ಅಂತ ಅವನು ಓಡೋಡಿ ಬಂದು ಊರ ನೆತ್ತಿ ಮೇಲೇ ನಿಂತನಂತೆ. ಕೆಟ್ಟವನಲ್ಲ ಪಾಪ, ಪೆದ್ದ. ಆಮೇಲೆ ಕೆರೆ ನೀರು ಕಾದು ಮೀನು ತೇಲಿದವು, ಮೊಗ್ಗು ಅರಳೋ ಮುಂಚೆ ಕರಕಲಾಯ್ತು, ಮೊಟ್ಟೆ ಗೂಡಲ್ಲೇ ಬೆಂದವು, ಕರೆದ ಹಾಲು ಚೆಂಬಲ್ಲೇ ಒಡೀತು. ಹೆಪ್ಪೆಲ್ಲ ಹುಳಿ ಹಿಡಿದು ಕೆಟ್ಟು, ಕುಡಿಕೆ ತಳದಲ್ಲಿ ಬೆರಳಿಗೆ ಅಂಟೋವಷ್ಟು ಮಾತ್ರ ಚೆನ್ನಾಗಿ ಉಳಿದಿತ್ತಂತೆ. ಅದೂ ಹೋದರೆ ಮುಗೀತು.

ನಿದ್ದೆ ಬಂತಾ? ಇರು, ಇನ್ನೊಂದು ಚೂರು.

ಮೂರನೇ ಸಲ ಮುದುಕಿ ಕೂಗಲಿಲ್ಲ. ಹದವಾಗಿರಪ್ಪಾ ಅಂದಳು. ಹದ ಅಂದ್ರೆ ಏನವ್ವಾ ಅಂದನಂತೆ. ಹೆಪ್ಪು ಹಾಕೋ ಹಾಲಿನ ಹಾಗೆ, ಉಗುರುಬೆಚ್ಚಗೆ ಅಂದಳು. ಅವನು ಮೇಲಿಂದಲೇ ಬೆರಳು ಚಾಚಿ ಹಾಲಿಗೆ ಅದ್ದಿ ನೋಡಿದ, ಹಾಲು ಕೊತಕೊತ ಕುದ್ದು ಉಕ್ಕಿಹೋಯ್ತು. ಇವನಿಗೆ ಬೆರಳಲ್ಲಿ ಕಲಿಸೋಕಾಗಲ್ಲ ಅಂತ ಮುದುಕಿ ಒಲೆ ಮುಂದೆ ಕೂತು ರೊಟ್ಟಿ ಸುಟ್ಟು ತೋರಿಸಿದಳಂತೆ. ನೋಡು, ಒಂದೇ ಮೈ ಮೇಲೆ ಬಿಟ್ಟರೆ ಈ ಕಡೆ ಸೀದು ಆ ಕಡೆ ಹಸಿ. ನೀನೂ ಎಲ್ಲೂ ನಿಲ್ಲಬೇಡ, ಇಲ್ಲಿ ಬಿಸಿ ಏರೋದರೊಳಗೆ ಅತ್ತ ಹೋಗು, ಇಲ್ಲಿ ತಣ್ಣಗಾಗೋದರೊಳಗೆ ಮತ್ತೆ ಇತ್ತ ಬಾ.

ಹಂಗಾದ್ರೆ ಮಜ್ಜಿಗೆಗೆ ಯಾವಾಗ ಬರಲಿ, ನನ್ನ ಕೂತ್ಕೋ ಅಂದೋಳು ನೀನೊಬ್ಬಳೇ ಅಂದನಂತೆ ಸೂರಪ್ಪ.

ಮುದುಕಿ ಒಲೆ ಮೇಲಿನ ರೊಟ್ಟಿ ತೆಗೆದಿಟ್ಟಳು. ಆಮೇಲೆ ಹೇಳಿದಳು, ನೀನು ಕೂತರೆ ನಾವ್ಯಾರೂ ಉಳಿಯಲ್ಲ ಮಗಾ, ಬರಬೇಡ.

ಅವನು ತಲೆ ತಗ್ಗಿಸಿಕೊಂಡು ಪಡುವಣಕ್ಕೆ ಹೊರಟನಂತೆ. ಆಮೇಲೆ ಹೆಪ್ಪು ಹಿಡೀತು, ಮೊಟ್ಟೆ ಒಡೆದು ಮರಿ ಬಂದವು, ರಾಗಿ ತಲೆ ಎತ್ತಿತು, ಊರೆಲ್ಲ ಹೊಟ್ಟೆ ತುಂಬ ಉಂಡು ಸುಖವಾಗಿತ್ತಂತೆ. ಹೊರಟವನು ಇವತ್ತಿಗೂ ನಡೀತಾನೇ ಇದ್ದಾನೆ. ಕತೆ ಆಯ್ತು, ಕಣ್ಣು ಮುಚ್ಚು.