ಮಣಿತೋರಣಪುರವೆಂಬ ಬೋಳುಗುಡ್ಡ

ಸಜ್ಜೆಗಟ್ಟಿಯ ಹಳ್ಳದಾಚೆಗಿನ ಬೋಳುಗುಡ್ಡಕ್ಕೆ ಮಣಿತೋರಣಪುರವೆಂದು ಹೆಸರು. ಪುರವೆನ್ನಲು ಅಲ್ಲಿ ಗೋಡೆಯಿಲ್ಲ, ಬಾವಿಯಿಲ್ಲ. ಅಗೆದವರಿಗೆ ಮಡಕೆಯ ಚೂರೊಂದೂ ಸಿಕ್ಕಿಲ್ಲ. ಆದರೂ ಭೂಮಾಪನದ ನಕ್ಷೆಯಲ್ಲಿ ಇರುವುದು ಆ ಹೆಸರೇ. ಊರವರು ಬೀಗ ಬಿದ್ದ ಮನೆ ಕಂಡರೆ ‘ಮಣಿತೋರಣಪುರ ಆಗೇತಿ’ ಎನ್ನುತ್ತಾರೆ. ಹಸುಗೂಸಿನ ಮುಂದೆ ಮಾತ್ರ ಆ ಹೆಸರೆತ್ತುವುದಿಲ್ಲ. ಅದು ಈಗ ಕಳೆದುಹೋಗಿರುವ ಒಂದು ಕಾವ್ಯದ ಪಟ್ಟಣದ ಹೆಸರು.

ಹಿಂದೆ ಒಮ್ಮೆ ಈ ಊರಿನ ಸೊಸೆ ಹಾಲವ್ವ ತುಂಬು ಬಸುರಿಯಾಗಿದ್ದಾಗ, ಅವಳ ತಂದೆ ಪುರಾಣಿಕ ಕೊಟ್ರಯ್ಯನವರು ಆ ಕಾವ್ಯವನ್ನು ಓದಲು ಬಂದರಂತೆ. ಪುರವರ್ಣನೆ ಬಂದಾಗ, ಓದಿಸುವ ಊರನ್ನೇ ಕಾವ್ಯದ ಪಟ್ಟಣವೆಂದು ಹರಸುವುದು ಪುರಾಣಿಕರ ಪದ್ಧತಿ. “ಈ ಸಜ್ಜೆಗಟ್ಟಿಯೇ ಮಣಿತೋರಣಪುರ” ಎಂದು ಅವರು ಸಭೆಯಲ್ಲಿ ನುಡಿದರು. ಹಾಗೆ ನುಡಿದ ಮೇಲೆ ಮಾತನ್ನು ಹಿಂತೆಗೆಯುವಂತಿಲ್ಲ. ಮಂಗಳ ಹಾಡದೆ ಓದು ನಿಲ್ಲಿಸುವಂತೆಯೂ ಇಲ್ಲ. ಆದರೆ ಅವರ ಕೈಯಲ್ಲಿದ್ದದ್ದು ಪೂರ್ವಾರ್ಧ ಮಾತ್ರ. ಉಳಿದ ಓಲೆಗಳು ಮಠದಿಂದ ಹತ್ತನೆಯ ದಿನ ಬಂದವು. ಕೊನೆಯ ಸಂಧಿಯಲ್ಲಿ ಆ ಪಟ್ಟಣದ ಮನೆಮನೆಯೂ ಬರಿದಾಗಿ, ಬಸಿರಲ್ಲಿದ್ದ ಕೂಸೂ ಉಳಿಯುವುದಿಲ್ಲ. ಅದನ್ನು ಮನಸ್ಸಿನಲ್ಲೇ ಓದಿಕೊಂಡ ತಂದೆ ತನ್ನ ಮುಖ ನೋಡದೆ ಓಲೆ ಕಟ್ಟಿದ್ದನ್ನು ಹಾಲವ್ವ ಗಮನಿಸಿದಳು.

ಓದು ಮುಗಿದರೆ ಆ ಹೆಸರು ಹೊತ್ತ ಊರಿಗೂ ಅದೇ ಗತಿ. ಹೊಸ್ತಿಲಿದ್ದಲ್ಲಿ ಊರು, ಆದ್ದರಿಂದ ಹೊಸ್ತಿಲುಗಳನ್ನು ಗುಡ್ಡಕ್ಕೆ ಒಯ್ದು ಆ ಹೆಸರನ್ನು ಅಲ್ಲಿಗೇ ಕೊಡೋಣ, ಉಳಿದ ಓದೂ ಅಲ್ಲೇ ಮುಗಿಯಲಿ ಎಂದು ಹಿರಿಯರು ತೀರ್ಮಾನಿಸಿದರು. ಮೂವತ್ತೆರಡು ಮನೆಯವರು ಕಲ್ಲು ಕಿತ್ತು ಹೊತ್ತರು. ಹಾಲವ್ವನ ಅತ್ತೆ ಈರವ್ವ ಮಾತ್ರ ಬಾಗಿಲಿಗೆ ಅಡ್ಡ ನಿಂತಳು. “ಬಸುರಿ ಇರೋ ಮನೀ ಹೊಸ್ತಿಲು ಕೀಳಾಂಗಿಲ್ಲ. ಊರು ಹೊಗಳಾಕ ಬಂದು ಊರಿಗೇ ಕುಣಿ ತೋಡಿದ್ರಲ್ರೀ ಬೀಗರ! ಪೂರಾ ಓದಿ ಬರಾಕ ಏನಾಗಿತ್ತು?”

“ತಪ್ಪು ನಂದ ಐತ್ರೀ ಬೀಗತಿ. ನಿಮ್ಮ ಮನೀ ಪರವಾಗಿ ಅಲ್ಲಿ ನಾನು ಕುಂದರ್ತೀನಿ” ಎಂದರು ಕೊಟ್ರಯ್ಯ.

ನಡುಹಗಲಲ್ಲಿ ಅವರೊಬ್ಬರೇ ಓಲೆಕಟ್ಟು ಹಿಡಿದು ಹಳ್ಳ ದಾಟಿದರು. ಹಾಲವ್ವ ಈಚೆ ದಂಡೆಯಲ್ಲಿ ಕುಳಿತು ಕೇಳಿದಳು. ಸ್ವರ ನಡುಗಲಿಲ್ಲ. ಮನೆಗಳು ಬರಿದಾಗುವ ಪದ್ಯಗಳು ಬಂದಂತೆ, ಪ್ರತಿ ಪದ್ಯದ ಕೊನೆಗೆ ಹಲವು ಕೊರಳುಗಳು ‘ಹೂಂ’ ಎಂದು ಹೂಂಗುಟ್ಟಿದವಂತೆ, ತುಂಬಿದ ಸಭೆಯಲ್ಲಿ ಹೂಂಗುಟ್ಟುವ ಹಾಗೆ. ಬಂಡೆಗಳ ನಡುವೆ ಮಾರ್ದನಿ ಹುಟ್ಟುವುದು ಅಸಾಧ್ಯವೇನಲ್ಲ. ಆದರೆ ಊರವರು ಹೇಳುವಂತೆ, ಮಂಗಳದ ಪದ್ಯಕ್ಕೆ ಹೂಂಗುಟ್ಟಿದ್ದರಲ್ಲಿ ಅವಳಿಗೆ ತಂದೆಯ ಕೊರಳೂ ಕೇಳಿಸಿತು. ಆಗ ಓದುತ್ತಿದ್ದ ಕೊರಳು ಬೇರೆಯದಾಗಿತ್ತು.

ಹೋಗಿ ನೋಡಿದವರಿಗೆ ದಾರ ಸುತ್ತಿದ ಓಲೆಕಟ್ಟು ಸಿಕ್ಕಿತು, ಕೊಟ್ರಯ್ಯ ಸಿಗಲಿಲ್ಲ. ಆ ವಾರವೇ ಹಾಲವ್ವ ಹೆಣ್ಣುಕೂಸು ಹೆತ್ತಳು, ಕೂಸು ಉಳಿಯಿತು. ಬಾಣಂತನ ಮುಗಿದ ಮೇಲೆ ಅವಳು ಕಲ್ಲುಕುಟಿಗನಿಂದ ಹೊಸದೊಂದು ಹೊಸ್ತಿಲು ಕಡೆಸಿ ಗುಡ್ಡಕ್ಕೆ ಕಳುಹಿಸಿದಳು. “ಅಪ್ಪಗ ಒಳಗ ಹೋಗಾಕ ಒಂದು ಮನೀ ಬೇಕಲ್ಲ” ಎಂದಳಂತೆ.

ಈಗಲೂ ಗುಡ್ಡದ ಮೇಲೆ ಮೂವತ್ತಮೂರು ಹೊಸ್ತಿಲುಗಳಿವೆ. ಮೂವತ್ತೆರಡರ ನಡುಭಾಗ ಸವೆದಿದೆ. ಹಳೆಯ ಮನೆಗಳಿಂದ ಕಿತ್ತು ತಂದವಾದ್ದರಿಂದ ಅದು ಸಹಜವೇ. ಹಾಲವ್ವನ ಕಲ್ಲು ಕುಟಿಗನ ಅಂಗಳದಿಂದ ನೇರವಾಗಿ ಬಂದದ್ದು, ಯಾವ ಮನೆಯಲ್ಲೂ ಇದ್ದದ್ದಲ್ಲ. ಎಲ್ಲಕ್ಕಿಂತ ಆಳವಾಗಿ ಸವೆದಿರುವುದು ಅದೇ.