ಹಾಲಿಳಿಸದ ಎಮ್ಮೆ

"ಗುರುಗಳೇ, ಒಡೆಯನೇ ವಸ್ತುವಿಗೆ ತಲೆಬಾಗಬೇಕೇ?" ಎಂದು ಶಿಷ್ಯ ಕೇಳಿದ.

ಅವನು ಗುರುವಿನ ಬಳಿ ಫ್ರೆಂಚ್ ಕಲಿಯುತ್ತಿದ್ದ. ಆ ಭಾಷೆಯಲ್ಲಿ 'ನನ್ನ' ಎಂಬ ಮಾತು ಹೇಳುವವನನ್ನು ನೋಡುವುದಿಲ್ಲ, ಮುಂದೆ ಬರುವ ಹೆಸರನ್ನು ನೋಡುತ್ತದೆ. ನನ್ನ ತಂದೆ ಎನ್ನಲು 'ಮೋಂ', ನನ್ನ ತಾಯಿ ಎನ್ನಲು 'ಮಾ', ಹಲವರಿದ್ದರೆ 'ಮೇ'.

"ಕನ್ನಡದಲ್ಲಿ 'ನನ್ನ' ಎಂದರೆ ಮುಗಿಯಿತು. ನನ್ನದಾದ ಮೇಲೆ ನಾನೇಕೆ ಬದಲಾಗಬೇಕು? ಉತ್ತರ ಸಿಗುವವರೆಗೆ ಮುಂದಿನ ಪಾಠ ಬೇಡ" ಎಂದು ಹಟ ಹಿಡಿದ.

ಗುರು ಪುಸ್ತಕ ಮುಚ್ಚಿ ಹೇಳಿದರು:

ಒಬ್ಬ ವರ್ತಕನಿದ್ದ. ಅವನ ಮಗಳು ಹೆರಿಗೆಯಲ್ಲಿ ತೀರಿಕೊಂಡಳು, ಕೂಸು ಉಳಿಯಿತು. ಅದಕ್ಕೆ ಹಾಲಾಗಲಿ ಎಂದು ಅವನು ಒಬ್ಬ ರೈತನಿಂದ ಕರಾವಿನ ಎಮ್ಮೆ ಕೊಂಡು ತಂದ.

ಸಂಜೆ ಜರಿ ಪಂಚೆ ಉಟ್ಟು, ಅತ್ತರು ಪೂಸಿದ ಮೈಯಲ್ಲೇ ಹಾಲು ಕರೆಯಲು ಕುಳಿತ. ಎಮ್ಮೆ ತಂಬಿಗೆಯನ್ನು ಒದ್ದಿತು. ಮರುದಿನ ಅದರ ಕಾಲು ಕಟ್ಟಿ ಕುಳಿತ. ಕೆಚ್ಚಲು ತುಂಬಿತ್ತು, ಒಂದು ತೊಟ್ಟೂ ಹಾಲಿಳಿಯಲಿಲ್ಲ. ನೆರೆಯವರು ಕೊಟ್ಟ ಒಂದೆರಡು ಒಳಲೆ ಹಾಲು ಕೂಸಿಗೆ ಸಾಲಲಿಲ್ಲ.

ವರ್ತಕ ರೈತನ ಮನೆ ಮುಂದೆ ಕೂಗಾಡಿದ: "ಬತ್ತಿದ ಎಮ್ಮೆಯನ್ನು ನನ್ನ ತಲೆಗೆ ಕಟ್ಟಿದೆಯಲ್ಲೋ!"

ರೈತ ನಕ್ಕ. "ಬತ್ತಿಲ್ಲ ಸಾಹುಕಾರ್ರೇ. ಹಗ್ಗ ನಿಮ್ಮ ಕೈಗೆ ಬಂದಿದೆ, ಎಮ್ಮೆ ಇನ್ನೂ ಬಂದಿಲ್ಲ. ನಿಮ್ಮ ಅತ್ತರಿಗೆ ನನಗೇ ಸೀನು ಬರುತ್ತೆ, ಪಾಪ ಅದೇನು ಮಾಡೀತು? ನನ್ನ ಈ ಕಂಬಳಿ ಹೊದ್ದು ಕೂತು ನೋಡಿ."

"ನಿನ್ನ ನಾತದ ಕಂಬಳಿ ನಾನು ಹೊದೆಯಲೇ? ಎಮ್ಮೆ ನನ್ನದು!"

"ಹಾಗಂತ ಅದಕ್ಕೇ ಹೇಳಿ ನೋಡಿ."

ವರ್ತಕ ಬರಿಗೈಯಲ್ಲಿ ಮರಳಿದ. ಮನೆಯಲ್ಲಿ ಕೂಸಿಗೆ ಅಳುವ ಶಕ್ತಿಯೂ ಉಳಿದಿರಲಿಲ್ಲ. ಹೊಸಿಲಲ್ಲೇ ನಿಂತು ಅದನ್ನು ನೋಡಿದ. ಅಲ್ಲಿಂದಲೇ ತಿರುಗಿ ಹೋಗಿ ಕಂಬಳಿ ಕೇಳಿ ತಂದ. ಅತ್ತರು ಹೋಗುವಂತೆ ಮೈ ತೊಳೆದ, ಉಂಗುರ ತೆಗೆದಿಟ್ಟ. ಕಂಬಳಿ ಹೊದ್ದು, ಎಮ್ಮೆಗೆ ಹಿಂಡಿ ಇಟ್ಟು, ಅದರ ಕಾಲಿನ ಹಗ್ಗ ಬಿಚ್ಚಿ ಕುಳಿತ. ಎಮ್ಮೆ ಒದ್ದಿತು. ಮತ್ತೆ ಕುಳಿತ. ಮತ್ತೆ ಒದ್ದಿತು. ಅವನು ಜಾಗ ಬಿಡಲಿಲ್ಲ. ಕೊನೆಗೆ ಎಮ್ಮೆ ಕಂಬಳಿಯನ್ನು ಮೂಸಿ ನೋಡಿತು. ತಂಬಿಗೆಯಲ್ಲಿ ಹಾಲಿನ ಸದ್ದಾಯಿತು.

ಗುರು ಕಥೆ ಮುಗಿಸಿದರು. ಶಿಷ್ಯ ಪಟ್ಟು ಬಿಡಲಿಲ್ಲ. "ಆದರೂ ಗುರುಗಳೇ, ಎಮ್ಮೆ ಮೊದಲಿನಿಂದಲೂ ಅವನದೇ ಅಲ್ಲವೇ?"

"ಅವನದೇ, ಕೂಸು ಹಸಿದು ಸಾಯುತ್ತಿದ್ದಾಗಲೂ ಅವನದೇ ಆಗಿತ್ತು" ಎಂದರು ಗುರು.